ಮಂತ್ರ ಮುಗಿಯುವವರೆಗೆ

ನನ್ನ ಕೆಲಸವೇ ಬಾಯಿಯದು. ಬಸ್ ನಿಲ್ದಾಣದಲ್ಲಿ ಗಾಜಿನ ಗೂಡೊಳಗೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತೆ, ಯಾವುದು ಎಷ್ಟು ತಡ, ಯಾರ ಮಗು ಯಾರ ಕೈ ಬಿಡಿಸಿಕೊಂಡು ಓಡಿದೆ ಅಂತ ಮೈಕಿನಲ್ಲಿ ಹೇಳೋಳು ನಾನು. ಹದಿನಾರು ವರ್ಷದಲ್ಲಿ ಒಂದು ಸಲವೂ ತಡವರಿಸಿಲ್ಲ. ಕೆಮ್ಮು ಬಂದರೆ ಗುಂಡಿ ಒತ್ತಿ ಮೈಕು ಬಂದ್ ಮಾಡಿ, ಕೆಮ್ಮಿ, ಮತ್ತೆ ಅದೇ ಪದದಿಂದ ಶುರು ಮಾಡ್ತೀನಿ. ಕೇಳೋರಿಗೆ ಗೊತ್ತೇ ಆಗಲ್ಲ. ಜಂಬ ಕೊಚ್ಚಿಕೊಳ್ತಾಳೆ ಅಂದುಕೊಳ್ಳೋರು ಅಂದುಕೊಳ್ಳಲಿ. ಇರೋದನ್ನ ಇದೆ ಅನ್ನೋಕೆ ಎಂಥ ನಾಚಿಕೆ?

ಭಾನುವಾರ ಮಧ್ಯಾಹ್ನ ಅದೇ ಬಾಯನ್ನ ಬೇರೆ ಕೆಲಸಕ್ಕೆ ಹಚ್ಚುತ್ತೀನಿ. ಪುಸ್ತಕಕ್ಕೆ ರಟ್ಟು ಹಾಕೋ ಬೈಂಡರಣ್ಣನ ಅಂಗಡಿಯ ಮಹಡಿ ಮೇಲೆ, ಕಾಗದ ಕತ್ತರಿಸೋ ಯಂತ್ರದ ಪಕ್ಕ ಒಂದು ಉದ್ದ ಮೇಜಿದೆ. ಕೋಣೆ ತುಂಬ ಅಂಟಿನ ವಾಸನೆ. ಅಲ್ಲಿ ಕೂತು ನಾವು ಪಾತ್ರಗಳ ಆಟ ಆಡ್ತೀವಿ. ಗೊತ್ತಿಲ್ಲದವರಿಗೆ ಎರಡೇ ಮಾತು: ಒಬ್ಬರು ಕತೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಆ ಕತೆಯೊಳಗೆ ನುಗ್ತಾರೆ. ಯೋಧ, ಮಾಂತ್ರಿಕೆ, ಗಾಯ ವಾಸಿ ಮಾಡೋಳು, ಹೀಗೆ. "ನಾನು ಗೋಡೆ ಹತ್ತುತ್ತೀನಿ" ಅಂತ ಯೋಧ ಅಂದರೆ, ಹತ್ತಿದನೋ ಬಿದ್ದನೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ಕತೆ ನಡೆಸೋಳು ನಾನು. ರಾಕ್ಷಸರು, ಹಾವುಗಳು, ಕೆಟ್ಟ ಹವೆ, ಎಲ್ಲ ನನ್ನ ಕಡೆ.

ಈ ಆಟದ ಪುಸ್ತಕದಲ್ಲಿ ಕೊನೆಯ ಅಧ್ಯಾಯ ಐಚ್ಛಿಕ ನಿಯಮಗಳದ್ದು. ಬೇಕಾದವರು ತಗೊಳ್ಳಿ, ಬೇಡದವರು ಬಿಡಿ, ನಿಮ್ಮದೇ ಇದ್ದರೆ ಸೇರಿಸಿ ಅಂತ ಪುಸ್ತಕದವರೇ ಹೇಳಿದ್ದಾರೆ. ಬೈಂಡರಣ್ಣ ಆ ಮಾತನ್ನ ಸ್ವಲ್ಪ ಹೆಚ್ಚೇ ನಂಬಿದ. ಪುಸ್ತಕ ಬಿಚ್ಚಿ, ಹಿಂದೆ ನಲವತ್ತು ಖಾಲಿ ಹಾಳೆ ಸೇರಿಸಿ, ಮತ್ತೆ ಹೊಲಿದು ಗಟ್ಟಿ ರಟ್ಟು ಹಾಕಿಬಿಟ್ಟ. ಯಾರು ಬೇಕಾದರೂ ಅಲ್ಲಿ ಹೊಸ ನಿಯಮ ಬರೀಬಹುದು. ಆದರೆ ಮೊದಲು ಪೆನ್ಸಿಲ್ಲಿನಲ್ಲಿ. ಮೂರು ಭಾನುವಾರ ಆಡಿ ನೋಡಬೇಕು. ಒಪ್ಪಿಗೆಯಾದರೆ ಪೆನ್ನು, ಇಲ್ಲದಿದ್ದರೆ ರಬ್ಬರು. ಪೆನ್ಸಿಲ್ಲಿನಲ್ಲಿ ಇರೋವರೆಗೆ ಅದನ್ನ ಮುರಿಯೋ ಹಕ್ಕು ಯಾರಿಗೂ ಇಲ್ಲ, ಕತೆ ನಡೆಸೋಳಿಗೂ ಇಲ್ಲ. ಈ ಕೊನೇ ಮಾತು ನಾನೇ ಸೇರಿಸಿದ್ದು, ದೊಡ್ಡ ಮನಸ್ಸು ತೋರಿಸೋಕೆ.

ಪೆನ್ನಿಗೆ ಏರಿದ ನನ್ನ ನಿಯಮಗಳಲ್ಲಿ ನನಗೆ ತುಂಬಾ ಪ್ರೀತಿಯದು ಬಾಯಿಮಂತ್ರ. ಮಾಂತ್ರಿಕೆಯ ಪಾತ್ರ ಆಡೋರು "ಮಂತ್ರ ಹಾಕಿದೆ" ಅಂದು ದಾಳ ಉರುಳಿಸಿದರೆ ಸಾಲದು. ಏಳು ಪದದ ಮಂತ್ರ ತಾವೇ ಕಟ್ಟಿ, ಬಾಯಿಬಿಟ್ಟು, ಎಲ್ಲೂ ನಿಲ್ಲದೆ ಹೇಳಬೇಕು. ಹೇಳಿದರೆ ಫಲ ಎರಡರಷ್ಟು. ತಡವರಿಸಿದರೆ ಮಂತ್ರ ಠುಸ್. ನಾನು ಮಾಡಿದ ನಿಯಮ ನನ್ನಂಥೋರಿಗೇ ಹೊಂದೋ ಹಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆಯ ಆ ಮೂರು ಭಾನುವಾರ ತಡವರಿಸಿ ನೋಡಿದ ಮೇಲೆ, ನಮ್ಮಲ್ಲಿ ಯಾರೂ ಮತ್ತೆ ಮಾಂತ್ರಿಕೆ ಆಡೋ ಧೈರ್ಯ ಮಾಡಿರಲಿಲ್ಲ. ಬೈಂಡರಣ್ಣ ಯೋಧ. ನರ್ಸಕ್ಕ, ದಿನವಿಡೀ ಆಸ್ಪತ್ರೆಯಲ್ಲಿ ಗಾಯ ತೊಳೆದು ಬಂದು, ಇಲ್ಲೂ ಗಾಯ ವಾಸಿ ಮಾಡೋಳೇ.

ಇಂಥ ಮೇಜಿಗೆ ನನ್ನ ನಾದಿನಿ ಬಂದಳು.

ನಾದಿನಿ ಅಂದರೆ ನನ್ನ ಗಂಡನ ತಂಗಿ. ಬೀಗ ರಿಪೇರಿ ಮಾಡ್ತಾಳೆ, ಕೀಲಿ ಕಡೀತಾಳೆ. ಮೆಟ್ಟಿಲ ಕೆಳಗಿನ ಒಂದು ಅಂಗಡಿ, ಅರವತ್ತು ಬಗೆಯ ಖಾಲಿ ಕೀಲಿ ಗೋಡೆಗೆ ನೇತು ಹಾಕಿದ್ದಾಳೆ. ಯಾವ ಬೀಗವಾದರೂ ಒಂದು ತಂತಿ ತೂರಿಸಿ, ಕಣ್ಣು ಮುಚ್ಚಿ, ಒಳಗೆ ಏನು ಸಿಕ್ಕಿಕೊಂಡಿದೆ ಅಂತ ಬೆರಳಲ್ಲೇ ಕೇಳಿಸಿಕೊಳ್ತಾಳೆ. ಮಾತು ಮಾತ್ರ ಅವಳಿಗೆ ತಡೆಯುತ್ತೆ. ಚಿಕ್ಕಂದಿನಿಂದಲೂ ಹಾಗೇ. ಮೊದಲಕ್ಷರಕ್ಕೇ ಸಿಕ್ಕಿಕೊಂಡು ಗಂಟಲ ನರ ಉಬ್ಬುತ್ತೆ, ಕಣ್ಣು ಒಂದು ಕಡೆ ನೆಟ್ಟುಬಿಡುತ್ತೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಬಂದ ವಾರವೇ ಅವಳ ಕಷ್ಟ ನೋಡಲಾರದೆ ಅವಳ ಮಾತು ನಾನು ಮುಗಿಸೋಕೆ ಶುರು ಮಾಡಿದೆ. ಕೀಲಿ ತರಿಸೋ ಫೋನು ನಾನೇ, ಹಲ್ಲಿನ ಡಾಕ್ಟರ ಹತ್ತಿರ ನಾನೇ, ಅಂಗಡಿಗೆ ತಕರಾರು ತಂದವರ ಜೊತೆ ಕಾಲು ಕೆರೆದು ಜಗಳಕ್ಕೂ ನಾನೇ. ಅವಳು "ಅ... ಅ..." ಅಂದರೆ ಸಾಕು, ನನ್ನ ಬಾಯಲ್ಲಿ ಉಳಿದದ್ದು ತಯಾರು. "ನೀನೊಬ್ಬಳು ಇಲ್ಲದಿದ್ರೆ ಅವಳ ಗತಿ ಏನು" ಅಂತ ನನ್ನ ಗಂಡ ಅಂದಾಗಲೆಲ್ಲ ನಾನು ಒಳಗೊಳಗೇ ಉಬ್ಬಿಹೋಗ್ತಿದ್ದೆ.

ಬೈಂಡರಣ್ಣನ ಬೀರುವಿನ ಬೀಗ ಕೈಕೊಟ್ಟಿತು ಅಂತ ಒಂದು ಭಾನುವಾರ ಅವಳು ಮಹಡಿಗೆ ಬಂದಿದ್ದು. ಬೀಗ ಹತ್ತು ನಿಮಿಷಕ್ಕೆ ಸರಿಹೋಯ್ತು. ಅವಳು ಸಂಜೆವರೆಗೂ ಅಲ್ಲೇ ನೆಲದ ಮೇಲೆ ಕೂತು ಆಟ ನೋಡಿದಳು. ಮುಂದಿನ ವಾರ ಒಂದು ಖಾಲಿ ಪಾತ್ರದ ಹಾಳೆ ಎಳೆದುಕೊಂಡು, ಮೇಲೆ "ಮಾಂತ್ರಿಕೆ" ಅಂತ ಬರೆದಳು.

"ಯೋಧೆ ಆಗೇ," ಅಂದೆ. "ಕತ್ತಿ ಹಿಡಿದ್ರೆ ಮುಗೀತು, ಮಾತೇ ಬೇಡ."

ಅವಳು ತಲೆ ಅಲ್ಲಾಡಿಸಿದಳು. "ಮಾ... ಮಾಂತ್ರಿಕೆನೇ."

"ಸರಿ ಬಿಡು. ಬಾಯಿಮಂತ್ರದ ನಿಯಮ ನಿನ್ನ ಮಟ್ಟಿಗೆ ತೆಗೆದುಬಿಡೋಣ. ನೀನು ಸುಮ್ಮನೆ ದಾಳ ಉರುಳಿಸು."

ಇಷ್ಟು ಉದಾರವಾಗಿ ನಾನು ಯಾರಿಗೂ ನಿಯಮ ಬಿಟ್ಟುಕೊಟ್ಟಿರಲಿಲ್ಲ. ಅವಳು ಥ್ಯಾಂಕ್ಸ್ ಅನ್ನಲಿಲ್ಲ. ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಅದನ್ನ ಸಂಕೋಚ ಅಂದುಕೊಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಪಾತ್ರ ಕಟ್ಟೋವಾಗ ಇನ್ನೊಂದು ಐಚ್ಛಿಕ ನಿಯಮ ಇದೆ: ಪಾತ್ರಕ್ಕೆ ಒಂದು ಕೊರತೆ ಬರೆದುಕೊಂಡರೆ ಅದಕ್ಕೆ ಬದಲಾಗಿ ಒಂದು ವರ ಸಿಗುತ್ತೆ. ಕುಂಟು ಕಾಲಿದ್ದರೆ ಹದ್ದಿನ ಕಣ್ಣು, ಮರೆವಿದ್ದರೆ ಅದೃಷ್ಟ, ಈ ಥರ. "ನೋಡು," ಅಂದೆ, "ಕೊರತೆ ಅನ್ನೋ ಕಡೆ ಮಾತು ತಡೆಯುತ್ತೆ ಅಂತ ಬರಿ. ದೊಡ್ಡ ಕೊರತೆ ಅದು. ಎರಡು ವರ ಕೊಡ್ತೀನಿ."

ನರ್ಸಕ್ಕ ದಾಳ ಒರೆಸೋದು ನಿಲ್ಲಿಸಿದಳು. ಬೈಂಡರಣ್ಣ ಕಿಟಕಿ ಕಡೆ ತಿರುಗಿದ. ನನಗೆ ಮಾತ್ರ ಏನೂ ತಿಳಿಯಲಿಲ್ಲ. ಅಷ್ಟು ಮಂದ ಆಗಿದ್ದೆ ನಾನು ಆವತ್ತು.

ನಾದಿನಿ ಹಾಳೆ ಎಳೆದುಕೊಂಡು ನಿಧಾನವಾಗಿ ಬರೆದಳು. ಕೊರತೆ ಅನ್ನೋ ಕಡೆ "ಕುದುರೆ ಕಂಡರೆ ಕೈಕಾಲು ನಡುಗುತ್ತೆ" ಅಂತ. ಆಮೇಲೆ ಮೇಲೆ ಹೋಗಿ, ಚಹರೆ ಅನ್ನೋ ಕಡೆ, ಎತ್ತರ, ಕೂದಲು, ಕಣ್ಣಿನ ಬಣ್ಣ ಬರೆಯೋ ಸಾಲಿನಲ್ಲಿ, "ಐದೂಕಾಲು ಅಡಿ, ಗುಂಗುರು ಕೂದಲು, ತಡೆದು ತಡೆದು ಮಾತಾಡ್ತಾಳೆ" ಅಂತ ಬರೆದು ಹಾಳೆಯನ್ನ ನನ್ನ ಕಡೆ ತಳ್ಳಿದಳು.

ನನಗೆ ಸಿಟ್ಟೇ ಬಂತು. ಕೊಟ್ಟ ಎರಡು ವರ ಬೇಡ ಅನ್ನೋದು ಎಂಥ ಕೊಬ್ಬು ಅಂತ. ಆದರೆ ಅವಳ ಕೆಲಸ ಮುಗಿದಿರಲಿಲ್ಲ. ಪುಸ್ತಕದ ಹಿಂದಿನ ಖಾಲಿ ಹಾಳೆ ತೆಗೆದು ಹೊಸ ನಿಯಮ ಬರೆದಳು. ಬೈಂಡರಣ್ಣ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ:

"ಮಂತ್ರಕ್ಕೆ ಬೇಕಾದಷ್ಟು ಹೊತ್ತು. ಎಷ್ಟು ಸಲ ನಿಂತಿತು ಅನ್ನೋದು ಲೆಕ್ಕಕ್ಕಿಲ್ಲ, ಏಳು ಪದ ಪೂರ್ತಿ ಬರಬೇಕು. ಮುಗಿಯುವವರೆಗೆ ಮಾಂತ್ರಿಕೆ ಜಾಗ ಬಿಟ್ಟು ಕದಲುವಂತಿಲ್ಲ. ನಿಮಿಷಕ್ಕೊಂದು ಸಲ ಶತ್ರು ಅವಳ ಮೇಲೆ ಕೈ ಮಾಡಬಹುದು. ಅವಳ ಪದವನ್ನು ಬೇರೆ ಯಾರಾದರೂ ಹೇಳಿದರೆ ಮಂತ್ರ ಅಲ್ಲೇ ಸತ್ತಿತು."

"ನಿಮಿಷಕ್ಕೊಂದು ಪೆಟ್ಟು ಅಂದ್ರೆ ನೀನು ಸಾಯ್ತೀಯಲ್ಲೇ," ಅಂದಳು ನರ್ಸಕ್ಕ.

"ಸಾ... ಸಾಯಬಹುದು," ಅಂದಳು ನಾದಿನಿ. ಸತ್ತ ಪಾತ್ರ ವಾಪಸ್ ಬರಲ್ಲ ಅನ್ನೋದು ನಮ್ಮಲ್ಲಿ ಪೆನ್ನಿಗೆ ಏರಿದ ನಿಯಮ. ಅದನ್ನೂ ಅವಳು ಓದಿಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಇನ್ನೂ ಒಂದು ಮಾತು ಹೇಳಿದಳು, ಅದಕ್ಕೆ ಒಂದು ನಿಮಿಷವೇ ಹಿಡಿಯಿತು: ಈ ಮೂರು ವಾರದಲ್ಲಿ ಒಂದು ದೊಡ್ಡ ಮಂತ್ರ ತಾನೇ ಪೂರ್ತಿ ಹೇಳಬೇಕು, ಆಗದಿದ್ದರೆ ಈ ಮೇಜಿಗೆ ಮತ್ತೆ ಬರಲ್ಲ. ಆ ಮಾತಿನ ನಡುವೆ ಎರಡು ಸಲ ನಾನು ಪದ ಕೊಡೋಕೆ ಹೋದೆ. ಎರಡು ಸಲವೂ ಅವಳು ಅಂಗೈ ಎತ್ತಿ ತಡೆದಳು.

ಮೊದಲ ವಾರ ಕತ್ತಲ ಸುರಂಗದಲ್ಲಿ ಒಂದು ದೀಪ ಹಚ್ಚೋ ಚಿಕ್ಕ ಮಂತ್ರ ಹೇಳಿದಳು. ಹೊಡೆಯೋಕೆ ಅಲ್ಲಿ ಬಾವಲಿ ಬಿಟ್ಟರೆ ಯಾರೂ ಇರಲಿಲ್ಲ. ಎರಡನೇ ವಾರ ನಾನು ಬೇಕಂತಲೇ ಕತೆಯನ್ನ ಸಂತೆ ಬೀದಿಯಲ್ಲೇ ಸುತ್ತಿಸಿದೆ, ಯಾರಿಗೂ ಮಂತ್ರದ ಅಗತ್ಯವೇ ಬೀಳದ ಹಾಗೆ. ಅದು ಅವಳಿಗೆ ಗೊತ್ತಾಯ್ತು. ಮನೆಗೆ ಹೋಗೋ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿರೋಕೂ ಅವಳಿಗೆ ಒಂದು ರೀತಿ ಇದೆ, ಅದು ಇಡೀ ಬೀದಿಗೆ ಕೇಳಿಸುತ್ತೆ.

ಮೂರನೇ ಭಾನುವಾರ ನಾನು ಅವರನ್ನ ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

ಬಾಗಿಲಲ್ಲಿ ಕಾವಲುಗಾರ. ಮನೆಯಷ್ಟು ಎತ್ತರದವನು, ಹೆಗಲ ಮೇಲೆ ಒಂದು ಬಂಡೆ ಹೊತ್ತುಕೊಂಡಿದ್ದಾನೆ, ಮುನ್ನೂರು ವರ್ಷದಿಂದ ಅಲ್ಲೇ ನಿಂತಿದ್ದಾನೆ. ಅವನನ್ನ ಕೊಲ್ಲೋಕೆ ನಾಲ್ಕು ದಾರಿ ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಬೈಂಡರಣ್ಣ ನಾಲ್ಕನ್ನೂ ಬಿಟ್ಟು ಐದನೆಯದಾಗಿ ಸೀದಾ ಎದುರಿಗೇ ಓಡಿದ. ಬಂಡೆ ಬಿತ್ತು, ಯೋಧ ಎಚ್ಚರ ತಪ್ಪಿದ. ಅವನನ್ನ ಎಳೆದುಕೊಂಡು ಬರೋಕೆ ಹೋದ ನರ್ಸಕ್ಕನ ಪಾತ್ರಕ್ಕೂ ಏಟು. ನಿಂತು ಉಳಿದವಳು ಮಾಂತ್ರಿಕೆ ಒಬ್ಬಳೇ. ಅವಳ ಹಾಳೆಯಲ್ಲಿ ಹದಿನಾಲ್ಕು ಜೀವ. ಪೆಟ್ಟು ಬಿದ್ದ ಹಾಗೆ ಇಳಿಯೋ ಲೆಕ್ಕ ಅದು, ಸೊನ್ನೆಯಾದರೆ ಪಾತ್ರ ಸತ್ತ ಹಾಗೆ.

"ಓಡಿಹೋಗು," ಅಂದೆ. "ನಾಚಿಕೆ ಏನಿಲ್ಲ."

ನಾದಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. "ಮ... ಮಂತ್ರ," ಅಂದಳು.

ಬೈಂಡರಣ್ಣ ಅಂಟು ಒಣಗೋ ಹೊತ್ತು ಅಳೆಯೋಕೆ ಇಟ್ಟುಕೊಂಡಿರೋ ಮರಳಿನ ಗಡಿಯಾರ ಮೇಜಿನ ಮಧ್ಯ ಇಟ್ಟ. ಒಂದು ನಿಮಿಷದ್ದು. ನಾನು ನನ್ನ ರಟ್ಟಿನ ಮರೆಯ ಹಿಂದೆ ದಾಳ ತಗೊಂಡೆ. ಕತೆ ನಡೆಸೋರು ತಮ್ಮ ಟಿಪ್ಪಣಿ ಕಾಣದಿರಲಿ ಅಂತ ಆ ಮರೆ ಇಟ್ಟುಕೊಳ್ಳೋದು. ದಾಳದಲ್ಲಿ ಎಂಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ಅವಳಿಗೆ ಪೆಟ್ಟು; ಅಂಕೆ ದೊಡ್ಡದಾದಷ್ಟೂ ಹೆಚ್ಚು ಜೀವ ಹೋಗುತ್ತೆ.

"ಕಾ... ಕಾಯುವವನೇ," ಅಂತ ಶುರು ಮಾಡಿದಳು. "ಕಾ... ಕಾ... ಕಾದದ್ದು."

ಮರಳು ಇಳಿಯಿತು. ಹದಿನಾರು ಬಿತ್ತು. ಐದು ಜೀವ ಹೋಯ್ತು.

"ಸಾಕು," ಅಂದಳು. ಅದು ಸಲೀಸಾಗಿ ಬಂತು. "ಕ... ಕಲ್ಲು."

ಎರಡನೇ ಸಲ ದಾಳ ತಪ್ಪಿತು. ಮೂರನೇ ಸಲ ಮತ್ತೆ ನಾಲ್ಕು ಜೀವ. ಉಳಿದದ್ದು ಐದು. "ಕೆ... ಕೆಳಗಿಟ್ಟು," ಅಂದಳು. ಇನ್ನು ಎರಡೇ ಪದ. ನಾದಿನಿ ಆರನೇ ಪದಕ್ಕೆ ಬಾಯಿ ತೆರೆದಳು. "ಮ..." ಅಂದಳು. ಅಲ್ಲೇ ನಿಂತುಬಿಟ್ಟಿತು. ಗಂಟಲ ನರ ಉಬ್ಬಿತು, ಕಣ್ಣು ಕಾಗದದ ಯಂತ್ರದ ಮೇಲೆ ನೆಟ್ಟಿತು. "ಮ... ಮ..." ಗಡಿಯಾರದಲ್ಲಿ ಮರಳು ಸುರೀತಾ ಇತ್ತು. ಅವಳ ಪಾತ್ರ ಸತ್ತರೆ ಸಾಯಿಸಿದವಳು ನಾನಾಗ್ತೀನಿ, ಅವಳು ಮತ್ತೆ ಈ ಮೆಟ್ಟಿಲು ಹತ್ತಲ್ಲ ಅಂತ ನನಗೆ ನಿಜವಾಗ್ಲೂ ಭಯ ಆಯ್ತು.

"ಮಣ್ಣಾಗಿ ಹೋಗು," ಅಂದುಬಿಟ್ಟೆ.

ಮೈಕಿನಲ್ಲಿ ಹೇಳೋ ಹಾಗೆ, ಸ್ಪಷ್ಟವಾಗಿ. ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಚೆ ಬಂದಾಗಿತ್ತು.

ಬೈಂಡರಣ್ಣ ನಿಧಾನವಾಗಿ ಗಡಿಯಾರವನ್ನ ಅಡ್ಡ ಮಲಗಿಸಿದ. "ಮಂತ್ರ ಸತ್ತಿತು," ಅಂದ.

"ಇಲ್ಲ, ಇಲ್ಲ. ನಾನು ಆಟದಲ್ಲಿಲ್ಲ. ಕತೆ ನಡೆಸೋಳು ಅಂದ್ರೆ ಲೆಕ್ಕಕ್ಕಿಲ್ಲ. ಮಂತ್ರ ಫಲಿಸ್ತು ಅಂತಿಟ್ಟುಕೊಳ್ಳಿ. ಕಾವಲುಗಾರ ಮಣ್ಣಾದ. ಮುಗೀತು, ಗೆದ್ರಿ."

"ಯಾ... ಯಾರಾದರೂ ಅಂತ ಬರೆದಿದ್ದೀನಿ," ಅಂದಳು ನಾದಿನಿ. ದನಿ ಸಣ್ಣಗಿತ್ತು, ಆದರೆ ಅಳು ಇರಲಿಲ್ಲ ಅದರಲ್ಲಿ. "ಅತ್ತಿಗೆನೂ ಯಾರಾದರೂನೇ."

"ಐದೇ ಜೀವ ಉಳಿದಿರೋದು ಕಣೇ."

"ಗೊ... ಗೊತ್ತು. ಮೊದಲಿಂದ ಹೇಳ್ತೀನಿ." ಆಮೇಲೆ ನನ್ನ ಮುಂದಿದ್ದ ಮರೆಗೆ ಕೈ ತೋರಿಸಿದಳು. "ರ... ರಟ್ಟು ತೆಗಿ."

ನನ್ನ ಮನಸ್ಸಲ್ಲಿ ಇದ್ದದ್ದನ್ನ ಅವಳು ಓದಿಬಿಟ್ಟಿದ್ದಳು. ಈ ಸಲ ಇಪ್ಪತ್ತು ಬಿದ್ದರೂ ಮೂರು ಬಿತ್ತು ಅಂತ ಸುಳ್ಳು ಹೇಳೋದು ಅಂತ ನಿರ್ಧಾರ ಮಾಡಿದ್ದೆ. ಹತ್ತು ವರ್ಷದಲ್ಲಿ ಒಂದು ಸಲವೂ ಸುಳ್ಳು ದಾಳ ಹೇಳದವಳು, ಅವಳಿಗೋಸ್ಕರ ಹೇಳೋಕೆ ಹೊರಟಿದ್ದೆ. ಮುಖ ಇಂಗು ತಿಂದ ಮಂಗನ ಹಾಗಾಯ್ತು. ರಟ್ಟು ಮಡಚಿ ಕೆಳಗಿಟ್ಟೆ. ಬೈಂಡರಣ್ಣ ಗಡಿಯಾರವನ್ನ ಮತ್ತೆ ನೆಟ್ಟಗೆ ನಿಲ್ಲಿಸಿದ.

"ಕಾಯುವವನೇ," ಅಂದಳು. ಮೊದಲ ಪದ ಈ ಸಲ ಒಂದೇ ಏಟಿಗೆ ಬಂತು. "ಕಾ... ಕಾ..." ಮರಳು ಮುಗಿಯಿತು. ಎಲ್ಲರ ಕಣ್ಣೆದುರು ದಾಳ ಉರುಳಿಸಿದೆ. ಆರು. ತಪ್ಪಿತು. "ಕಾದದ್ದು ಸಾಕು." ಬೈಂಡರಣ್ಣ ಗಡಿಯಾರ ತಿರುವಿದ. "ಕ... ಕಲ್ಲು. ಕೆ... ಕೆ..." ಹನ್ನೊಂದು ಬಿತ್ತು. ಮೂರು ಜೀವ ಹೋಯ್ತು. ಉಳಿದದ್ದು ಎರಡು. ಇನ್ನೊಂದು ಪೆಟ್ಟು ತಗುಲಿದರೆ ಬಹುಮಟ್ಟಿಗೆ ಕತೆ ಮುಗಿದ ಹಾಗೆ.

"ಕೆಳಗಿಟ್ಟು," ಅಂದಳು.

ಮತ್ತೆ ಆ "ಮ" ಬಂತು. ಮತ್ತೆ ಅಲ್ಲೇ ನಿಂತಿತು. ನಾನು ಎರಡು ಕೈಯನ್ನೂ ತೊಡೆ ಕೆಳಗೆ ಹಾಕಿ ಕೂತೆ. ತುಟಿಯನ್ನ ಹಲ್ಲಿನಲ್ಲಿ ಹಿಡಿದುಕೊಂಡೆ. ಹೇಳಿದರೆ ನಂಬಲ್ಲ ನೀವು, ಒಂದು ಪದ ಹೇಳದೆ ಕೂರೋದು ಇಷ್ಟು ಕಷ್ಟ ಅಂತ ಆವತ್ತೇ ನನಗೆ ಗೊತ್ತಾಗಿದ್ದು. ಹಾಗೆ ಕೂತಾಗ, ಒಂಬತ್ತು ವರ್ಷದಲ್ಲಿ ಮೊದಲನೇ ಸಲ, ಅವಳು ಸಿಕ್ಕಿಕೊಂಡಿರೋವಾಗ ಅವಳ ಮುಖ ನೋಡಿದೆ. ನಾನು ಯಾವಾಗಲೂ ಅಷ್ಟರಲ್ಲಿ ಮಾತು ಮುಗಿಸಿ ಬೇರೆ ಕಡೆ ತಿರುಗಿರ್ತಿದ್ದೆ. ಅಲ್ಲಿ ನಾನು ಅಂದುಕೊಂಡಿದ್ದ ನೋವು ಇರಲಿಲ್ಲ. ಬೀಗದೊಳಗೆ ತಂತಿ ತೂರಿಸಿದಾಗ ಇರೋ ಮುಖವೇ ಇತ್ತು. ಅವಳು ಕೆಲಸ ಮಾಡ್ತಾ ಇದ್ದಳು. ಪದ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ಹೊತ್ತು ಮಾತ್ರ ಬೇಕಿತ್ತು.

ಮರಳು ಮುಗಿಯಿತು. ದಾಳ ಉರುಳಿಸಿದೆ. ಏಳು.

"ಒಂದರಲ್ಲಿ ತಪ್ಪಿತು," ಅಂತ ನರ್ಸಕ್ಕ ಪಿಸುಗುಟ್ಟಿದಳು. ನಾದಿನಿ ದಾಳದ ಕಡೆ ನೋಡಲೂ ಇಲ್ಲ.

"ಮ... ಮನೆಗೆ," ಅಂದಳು. ಒಂದು ಉಸಿರು ಎಳೆದುಕೊಂಡಳು. "ನಡೆ."

ಕಾಯುವವನೇ, ಕಾದದ್ದು ಸಾಕು, ಕಲ್ಲು ಕೆಳಗಿಟ್ಟು ಮನೆಗೆ ನಡೆ. ಏಳು ಪದ. ನನ್ನ ಟಿಪ್ಪಣಿಯಲ್ಲಿದ್ದ ನಾಲ್ಕು ದಾರಿಗಳಲ್ಲಿ ಇದು ಇರಲಿಲ್ಲ. ಅವನಿಗೆ ಮನೆ ಇರಬಹುದು ಅಂತ, ಅವನನ್ನ ಹುಟ್ಟಿಸಿದ ನನಗೇ ಹೊಳೆದಿರಲಿಲ್ಲ. ನಾನು ಅವಳ ಬಾಯಿಗೆ ಏನು ತುರುಕೋಕೆ ಹೋಗಿದ್ದೆ, ಅವಳು ಏನು ಹೇಳೋಕೆ ನಿಂತಿದ್ದಳು ಅಂತ ನೆನೆಸಿಕೊಂಡು ನನಗೆ ನಿಜವಾಗಿಯೂ ನಾಚಿಕೆಯಾಯ್ತು.

"ಏನಾಯ್ತು ಅವನಿಗೆ?" ಅಂದ ಬೈಂಡರಣ್ಣ.

ಹೇಳಬೇಕಾದವಳು ನಾನೇ. ಗಂಟಲು ಸರಿಮಾಡಿಕೊಂಡೆ. "ಕಾವಲುಗಾರ ಬಂಡೆ ಕೆಳಗಿಡ್ತಾನೆ," ಅಂದೆ. "ಹೆಗಲು ಉಜ್ಜಿಕೊಳ್ತಾನೆ. ಮುನ್ನೂರು ವರ್ಷದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಬಾಗಿಲು ತೆರೆದಿಟ್ಟು ಹೊರಟುಹೋಗ್ತಾನೆ."

ನರ್ಸಕ್ಕ ಕಣ್ಣೊರೆಸಿಕೊಂಡು, ಅಂಟಿನ ಘಾಟು ಅಂತ ಸುಳ್ಳು ಹೇಳಿದಳು. ಬೈಂಡರಣ್ಣ ಕೆಟಲಿನಲ್ಲಿ ನೀರು ಕಾಯಿಸೋಕೆ ಕೆಳಗೆ ಹೋದ. ನಾದಿನಿ ಕೂತು, ತನ್ನ ಹಾಳೆಯಲ್ಲಿ ಎರಡು ಜೀವ ಅಂತ ಅಚ್ಚುಕಟ್ಟಾಗಿ ಬರೆದುಕೊಂಡಳು. ಬೆವೆತು ತೊಪ್ಪೆಯಾಗಿದ್ದಳು. ನಗ್ತಾ ಇದ್ದಳು.

ನನಗೆ ಸುಮ್ಮನಿರೋಕೆ ಆಗಲಿಲ್ಲ. "ಒಂಬತ್ತು ವರ್ಷದಿಂದ ನಿನ್ನ ಮಾತು ನಾನು ಮುಗಿಸ್ತಾ ಬಂದಿದ್ದೀನಲ್ಲ," ಅಂದೆ. "ಅದರಲ್ಲಿ ಎಷ್ಟು ಸರಿ ಇತ್ತು?"

ಅವಳು ಯೋಚನೆ ಮಾಡಿದಳು. "ಅ... ಅರ್ಧ," ಅಂದಳು.

"ಅರ್ಧನಾ?"

"ಅ... ಅರ್ಧಕ್ಕಿಂತ ಕಮ್ಮಿ." ತಾನು ಹಾಕಿಕೊಂಡಿದ್ದ ಹಸಿರು ಸ್ವೆಟರನ್ನ ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ನಾನೇ ಹೆಣೆದಿದ್ದು ಅದು, ಅದೇ ಬಣ್ಣದಲ್ಲಿ ಐದನೆಯದು. "ಯಾವ ಬಣ್ಣ ಅಂತ ನೀನು ಕೇಳಿದ್ದೆ. ನಾನು ಹ... ಹ... ಅನ್ನೋಷ್ಟರಲ್ಲಿ ನೀನೇ ಹಸಿರಾ ಅಂದೆ. ನ... ನಂಗೆ ಹಳದಿ ಇಷ್ಟ."

ಐದು ಸ್ವೆಟರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಬೆಪ್ಪಾಗಿ ಕೂತೆ. "ಹೇಳೋದಲ್ವೇನೇ," ಅಂದೆ.

"ಹೇ... ಹೇಳ್ತಾ ಇದ್ದೆ."

ಆಮೇಲೆ ಅವಳು ಇನ್ನೊಂದು ಹೇಳೋಕೆ ಶುರು ಮಾಡಿದಳು. ಅದು ಬರೋಕೆ ತುಂಬಾ ಹೊತ್ತು ಹಿಡಿಯಿತು. ನಾನು ಮತ್ತೆ ಕೈಯನ್ನ ತೊಡೆ ಕೆಳಗೆ ಇಟ್ಟುಕೊಂಡೆ. ಎರಡು ವರ್ಷದ ಹಿಂದೆ ತರಬೇತಿ ಶಾಲೆಯವರು ಮನೆಗೆ ಬಂದಿದ್ದರು, ಬೀಗದ ಕೆಲಸ ಕಲಿಸೋಕೆ ಬರ್ತೀರಾ ಅಂತ ಕೇಳೋಕೆ. ಅವಳು ಬಾಯಿ ತೆರೆಯೋ ಮೊದಲೇ ನಾನು, "ಇವಳು ನಲವತ್ತು ಜನರ ಮುಂದೆ ನಿಂತು ಮಾತಾಡೋದಾ, ಪಾಪ, ಆಗಲ್ಲ ಬಿಡಿ" ಅಂದು, ಅವರಿಗೆ ಕಾಫಿ ಕೊಟ್ಟು ಕಳಿಸಿದ್ದೆ. ಆವತ್ತು ಅವಳು ಹೇಳೋಕೆ ಹೊರಟಿದ್ದು "ಬರ್ತೀನಿ" ಅಂತ.

ತಪ್ಪಾಯ್ತು ಅನ್ನೋದಕ್ಕೂ ನನಗೆ ಬಾಯಿ ಬರಲಿಲ್ಲ, ನನಗೆ, ಈ ಬಾಯಿಗೆ. ಆಮೇಲೆ ಸುಧಾರಿಸಿಕೊಂಡು, "ನಾಳೆನೇ ನಾನು ಅವರಿಗೆ ಫೋನ್ ಮಾಡಿ..." ಅಂತ ಶುರು ಮಾಡಿದೆ.

"ಬೇಡ," ಅಂದಳು. "ಶು... ಶುಕ್ರವಾರ ನಾನೇ ಮಾಡಿದೆ. ಒ... ಒಂದನೇ ತಾರೀಕಿನಿಂದ ಬನ್ನಿ ಅಂದ್ರು."

"ನೀನೇ? ಫೋನಲ್ಲಿ? ಎಷ್ಟು ಹೊತ್ತು ಹಿಡೀತು?"

"ಹ... ಹನ್ನೆರಡು ನಿಮಿಷ," ಅಂದಳು ನಾದಿನಿ. "ಆ ಕಡೆ ಇದ್ದೋರು ಕಾ... ಕಾದ್ರು, ಅತ್ತಿಗೆ."